ಡಿ.ಎಲ್.ಇಡಿ ಮಾಡಬಹುದಾ ಅಂತ ಕೇಳುವವರಿಗೆ: ಶಾಲೆಯಲ್ಲಿ ಕಳೆದ 20 ವಾರ

ಪ್ರಾಥಮಿಕ ಶಾಲೆ ಟೀಚರ್ ಆಗಲು ಓದುವ ಎರಡು ವರ್ಷದ ಡಿ.ಎಲ್.ಇಡಿ ಕೋರ್ಸ್ ಮುಗಿಸಿ ಈಗ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಪಿಯುಸಿ ಮುಗಿಸಿದ ಹುಡುಗಿಯರು, ಅವರ ಅಮ್ಮಂದಿರು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರೂ ಕೇಳುವುದು ಒಂದೇ. "ಈ ಕೋರ್ಸ್ ಮಾಡಬಹುದಾ? ಕೆಲಸ ಸಿಗುತ್ತಾ?" ವಯಸ್ಸಾದವರು ಇನ್ನೂ ಹಳೇ ಹೆಸರಲ್ಲಿ ಟಿಸಿಎಚ್ ಅಂತಲೇ ಕರೆಯುತ್ತಾರೆ. "ಟಿಸಿಎಚ್ ಮಾಡಿದ್ರೆ ಮೇಷ್ಟ್ರ ಕೆಲಸ ಗ್ಯಾರಂಟಿ ಅಲ್ವೇನಮ್ಮಾ" ಅಂತಾರೆ. ಆ ಕಾಲ ಹೋಯ್ತು. ಕೆಲಸದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಕೋರ್ಸಿನ ವಿಷಯ.

ಎರಡು ವರ್ಷದಲ್ಲಿ ನನ್ನನ್ನು ಟೀಚರ್ ಮಾಡಿದ್ದು ಶಾಲೆಯಲ್ಲಿ ಮಕ್ಕಳ ನಡುವೆ ಕಳೆದ 20 ವಾರ. ಇಂಟರ್ನ್‌ಶಿಪ್ ಅಂತಾರಲ್ಲ, ಅದು. ಅದು ಚೆನ್ನಾಗಿ ಸಿಕ್ಕರೆ ಈ ಕೋರ್ಸ್ ಕಣ್ಣು ಮುಚ್ಚಿ ಸೇರಬಹುದು. ಅದು ಕೆಟ್ಟರೆ ಕೈಯಲ್ಲಿ ಉಳಿಯುವುದು ರೆಕಾರ್ಡ್ ಪುಸ್ತಕದ ಕಟ್ಟು ಮಾತ್ರ. ನನಗೆ ಎರಡೂ ಸಿಕ್ಕಿತು. ಹಾಗಾಗಿ ಎರಡನ್ನೂ ಬರೆಯುತ್ತೇನೆ.

ನಾನು ಓದಿದ್ದು ಬಯಲುಸೀಮೆಯ ಒಂದು ಜಿಲ್ಲೆಯ ಸರ್ಕಾರಿ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ, 2022ರಿಂದ 2024ರವರೆಗೆ. ಹೆಸರು ಬೇಡ. ಸೇರಲು ಪಿಯುಸಿಯಲ್ಲಿ ಶೇ. 50 ಅಂಕ ಇರಬೇಕು, ಎಸ್‌ಸಿ, ಎಸ್‌ಟಿಯಂಥ ಕೆಲವು ವರ್ಗದವರಿಗೆ ಶೇ. 45. ಪಿಯುಸಿ ಅಂಕ ನೋಡಿ ಸೀಟು ಕೊಡುತ್ತಾರೆ. ಸರ್ಕಾರಿ ಡಯಟ್‌ನಲ್ಲಿ ಫೀಸ್ ನಮ್ಮಂಥ ಮನೆಯವರಿಗೂ ಹೊರೆ ಅನ್ನಿಸಲಿಲ್ಲ. ಖಾಸಗಿ ಕಾಲೇಜಿನಲ್ಲಿ ಓದಿದ ಗೆಳತಿಯರು ಜಾಸ್ತಿ ಕಟ್ಟಿದ್ದಾರೆ. ಸರ್ಕಾರಿ ಸೀಟು ಸಿಕ್ಕರೆ ಬಿಡಬೇಡಿ, ಅಷ್ಟೇ.

ಕಾಲೇಜಿನ ತರಗತಿಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಕ್ಕಳ ಬೆಳವಣಿಗೆಯ ಪಾಠ ಚೆನ್ನಾಗಿತ್ತು. ಗಣಿತ ಹೇಳಿಕೊಡುವ ರೀತಿಯ ಬಗ್ಗೆ ಒಬ್ಬ ಮೇಡಂ ತುಂಬಾ ಚೆನ್ನಾಗಿ ಹೇಳುತ್ತಿದ್ದರು. ಆದರೆ ಪಾಠ ಮಾಡುವ ಅಭ್ಯಾಸ ಅಲ್ಲಿ ಆಗುತ್ತಿದ್ದುದು ಹೀಗೆ: ಗೆಳತಿಯರನ್ನೇ ಎರಡನೇ ತರಗತಿ ಮಕ್ಕಳು ಅಂದುಕೊಂಡು ಎದುರಿಗೆ ಕೂರಿಸಿಕೊಳ್ಳುವುದು, "ಮಕ್ಕಳೇ, ಇದೇನು?" ಅಂತ ಮಾವಿನಹಣ್ಣಿನ ಚಿತ್ರ ತೋರಿಸುವುದು, ಅವರೆಲ್ಲ ಒಟ್ಟಿಗೆ "ಮಾವಿನಹಣ್ಣು ಟೀಚರ್" ಅನ್ನುವುದು. ಇಪ್ಪತ್ತು ವರ್ಷದವರಿಗೆ ಗೊತ್ತಿಲ್ಲದೇ ಇರುತ್ತಾ? ಪ್ರತಿ ಪ್ರಶ್ನೆಗೂ ಸರಿ ಉತ್ತರ ಬರುವ ತರಗತಿಯಲ್ಲಿ ಪಾಠ ಮಾಡಿ ಅಭ್ಯಾಸವಾದರೆ, ನಿಜವಾದ ಮಗು "ಗೊತ್ತಿಲ್ಲ" ಅಂದಾಗ ನಾಲಿಗೆ ಒಣಗುತ್ತದೆ. ನನಗೆ ಒಣಗಿತ್ತು.

ಆ 20 ವಾರದಲ್ಲಿ ಮೊದಲ ವರ್ಷದ 4 ವಾರ ಪಾಠ ವೀಕ್ಷಣೆ. ಅಂದರೆ ನಾವು ಪಾಠ ಮಾಡುವುದಿಲ್ಲ, ತರಗತಿಯಲ್ಲಿ ಹಿಂದೆ ಕೂತು ನೋಡುತ್ತೇವೆ. ನನ್ನನ್ನು ಹಾಕಿದ್ದು ಹಳ್ಳಿಯ ಶಾಲೆ, ಊರಾಚೆ ಒಂದು ಬೇವಿನಮರದ ಪಕ್ಕ. ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ. ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆಯುತ್ತಿದ್ದುದನ್ನು ನೋಡಿ ಬಂದು ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಕಟ್ಟಿದ್ದು. 2009-10ರಲ್ಲಿ ರಾಜ್ಯದ ಎಲ್ಲ ಕಡೆಗೂ ಬಂತು. ಪಠ್ಯಪುಸ್ತಕದ ಬದಲು ಕಾರ್ಡುಗಳಿರುತ್ತವೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿದೆ ಅಂತ ನೋಡಿ, ಆ ಮೆಟ್ಟಿಲಿನ ಚಿತ್ರವಿರುವ ಕಾರ್ಡ್ ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪಿಗೆ ತಟ್ಟೆ ಅಂತಾರೆ. ಮೊದಲ ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಐದನೇ ತಟ್ಟೆಯಲ್ಲಿ ಮಗು ತಾನೇ ಕಲಿಯಬೇಕು. ಅಕ್ಷರವೂ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ ಗ ಸ ದ ಅ ಇಂದ ಶುರು. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಅಂತ ಮಗು ಬೇಗನೆ ಪದ ಓದಿಬಿಡುತ್ತದೆ. ನನಗೆ ಈ ಯೋಚನೆ ಈಗಲೂ ತುಂಬಾ ಇಷ್ಟ.

ಮೊದಲ ದಿನ ನಾನು ಟೀಚರ್ ಮಾಡಿದ್ದನ್ನೆಲ್ಲ ಬರೆದುಕೊಂಡೆ. ಎಷ್ಟು ಗಂಟೆಗೆ ಹಾಡು, ಯಾವ ಕಾರ್ಡ್, ಏನು ಪ್ರಶ್ನೆ, ಎಲ್ಲ. ನನ್ನ ಮಾರ್ಗದರ್ಶಿ ಶಿಕ್ಷಕಿ, ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದವರು, ಊಟದ ಹೊತ್ತಿಗೆ ನೋಟ್‌ಬುಕ್ ಇಸಕೊಂಡು ನೋಡಿದರು. "ನನ್ನ ಯಾಕಮ್ಮಾ ನೋಡ್ತೀಯ? ನಾನು ಕಲ್ತಾಗಿದೆ. ಒಂದು ಮಗೂನ ಆರಿಸ್ಕೋ, ಬೆಳಗಿಂದ ಸಂಜೆವರೆಗೂ ಅದನ್ನೇ ನೋಡು" ಅಂದರು. ಕಾಲೇಜಿನಲ್ಲಿ ಕೊಟ್ಟಿದ್ದ ವೀಕ್ಷಣಾ ನಮೂನೆಯಲ್ಲಿ ಇದ್ದುದೆಲ್ಲ ಟೀಚರ್ ಬಗ್ಗೆ: ಧ್ವನಿ ಏರಿಳಿತ, ಕಪ್ಪು ಹಲಗೆ ಬಳಕೆ, ಉಪಕರಣ ಬಳಕೆ. ಮಗು ಏನು ಮಾಡಿತು ಅನ್ನುವುದಕ್ಕೆ ಎರಡೇ ಸಾಲು ಜಾಗ.

ಎರಡನೇ ತರಗತಿಯ ಒಬ್ಬ ಹುಡುಗನನ್ನು ಆರಿಸಿಕೊಂಡೆ. ಚುರುಕಾಗಿದ್ದ. ಕಾರ್ಡ್ ಹಿಡಿದು ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದ, ಒಂದೂ ತಪ್ಪಿಲ್ಲ. ಎರಡನೇ ದಿನ ಸರಿಯಾಗಿ ನೋಡಿದಾಗ ಬೆರಳು ಒಂದು ಪದದ ಮೇಲಿತ್ತು, ಬಾಯಿ ಇನ್ನೊಂದು ಪದ ಹೇಳುತ್ತಿತ್ತು. ಟೀಚರ್‌ಗೆ ಹೇಳಿದೆ. ಅವರು ಅವನನ್ನು ಕರೆದು, ಕಾರ್ಡಿನ ಮೇಲೆ ಅಂಗೈ ಇಟ್ಟು, ಕೊನೆಯ ಸಾಲಿನ ನಡುವಿನ ಒಂದು ಪದ ಮಾತ್ರ ಕಾಣುವ ಹಾಗೆ ಬಿಟ್ಟು, "ಇದೇನಪ್ಪ?" ಅಂದರು. ಅವನು ಕಾರ್ಡಿನ ಮೊದಲಿಂದ ಬಾಯಲ್ಲೇ ಹೇಳಿಕೊಂಡು ಬಂದ, ಆ ಪದದ ತನಕ. ಇಡೀ ಕಾರ್ಡ್ ಬಾಯಿಪಾಠ. ಒಂದು ಅಕ್ಷರವನ್ನೂ ಅವನು ಓದುತ್ತಿರಲಿಲ್ಲ. ಟೀಚರ್ ಗದರಲಿಲ್ಲ. "ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದೀಯ, ಈಗ ಕಣ್ಣಿಂದ ಓದೋಣ ಬಾ" ಅಂತ ಪಕ್ಕ ಕೂರಿಸಿಕೊಂಡು ರ ಗ ಸ ದ ಅ ಇಂದ ಮತ್ತೆ ಶುರು ಮಾಡಿದರು. ಈಗ ನನ್ನ ತರಗತಿಯಲ್ಲಿ ಯಾವ ಮಗು ಓದಿದರೂ ನಾನು ಅಂಗೈ ಇಟ್ಟು ನಡುವಿನ ಪದ ಕೇಳುತ್ತೇನೆ. ಯಾವ ಪುಸ್ತಕವೂ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಎರಡನೇ ವರ್ಷ 16 ವಾರ ಪಾಠ ಮಾಡಬೇಕು. ನಮ್ಮಲ್ಲಿ ಅದನ್ನು ಎರಡು ಶಾಲೆಗೆ ಹಂಚಿದ್ದರು, ಅದೇ ಹಳ್ಳಿ ಶಾಲೆಯಲ್ಲಿ 10 ವಾರ, ಪಟ್ಟಣದ ಇನ್ನೊಂದು ಶಾಲೆಯಲ್ಲಿ 6 ವಾರ.

ಮೊದಲ ಗಣಿತ ಪಾಠ ನಾಲ್ಕನೇ ತರಗತಿಗೆ. ದಶಕ ಸಹಿತ ಕಳೆಯುವುದು. ಮೂರು ರಾತ್ರಿ ಕೂತು ಥರ್ಮೋಕೋಲ್ ಮೇಲೆ ಮನೆ ಮಾಡಿದ್ದೆ, ಬಿಡಿ ಮನೆ, ಹತ್ತರ ಮನೆ, ನೂರರ ಮನೆ, ಬಣ್ಣದ ಹಾಳೆ ಅಂಟಿಸಿ. "ಬಿಡಿ ಮನೆಯಲ್ಲಿ ಸಾಲದಿದ್ದರೆ ಪಕ್ಕದ ಮನೆಯಿಂದ ಸಾಲ ತರಬೇಕು" ಅಂತ ಕಥೆ ಹೇಳಿದೆ. ಮಕ್ಕಳಿಗೆ ಕಥೆ ಇಷ್ಟವಾಯ್ತು. ಆಮೇಲೆ 42ರಲ್ಲಿ 17 ಕಳೆಯಿರಿ ಅಂದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 35 ಅಂತ ಬರೆದರು. ಎರಡರಲ್ಲಿ ಏಳು ಹೋಗಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆದು ಐದು, ನಾಲ್ಕರಲ್ಲಿ ಒಂದು ಕಳೆದು ಮೂರು. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಅಂತ ಅವರಿಗೆ ಹಿಂದೆ ಹೇಳಿಕೊಟ್ಟಿದ್ದೇ ಹಾಗೆ. ಅವರ ಲೆಕ್ಕದಲ್ಲಿ ಅವರು ಸರಿ. ನಾನು ಮತ್ತೆ ಮನೆ ಕಥೆ ಹೇಳಿದೆ. ಮತ್ತೆ 35. ಬೆಲ್ ಹೊಡೆಯಿತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಮಾರ್ಗದರ್ಶಿ ಟೀಚರ್ ಮಾರನೇ ದಿನ ಅದೇ ಪಾಠ ತೆಗೆದುಕೊಂಡರು. ಕೈಯಲ್ಲಿ ಪೊರಕೆ ಕಡ್ಡಿ, ರಬ್ಬರ್ ಬ್ಯಾಂಡ್. ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಬಿಡಿ ಎರಡು ಕಡ್ಡಿ. ಒಬ್ಬ ಹುಡುಗಿಯನ್ನು ಎದ್ದು ನಿಲ್ಲಿಸಿ ಎಲ್ಲ ಅವಳ ಕೈಗೆ ಕೊಟ್ಟರು. "ನಂಗೆ ಏಳು ಕಡ್ಡಿ ಕೊಡು." ಹುಡುಗಿ ಎರಡು ಕೊಟ್ಟಳು. ಕೈಯಲ್ಲಿದ್ದ ಕಟ್ಟುಗಳನ್ನು ನೋಡಿದಳು. ಟೀಚರ್ ಸುಮ್ನೆ ಕೈ ಚಾಚಿ ನಿಂತಿದ್ದರು. ನನಗೆ ಹೇಳಿಕೊಡಬೇಕು ಅನ್ನಿಸಿ ಬಾಯಿ ತೆರೆದೆ, ಅವರು ಕಣ್ಣಲ್ಲೇ ಬೇಡ ಅಂದರು. ಎಷ್ಟು ಹೊತ್ತೋ ಗೊತ್ತಿಲ್ಲ, ಕೋಣೆಯಲ್ಲಿ ಒಂದು ಸದ್ದಿಲ್ಲ. ಹಿಂದಿನಿಂದ ಯಾರೋ "ಕಟ್ಟು ಬಿಚ್ಚೇ" ಅಂದರು. ಹುಡುಗಿ ರಬ್ಬರ್ ಬ್ಯಾಂಡ್ ತೆಗೆದಳು. ಹತ್ತು ಕಡ್ಡಿ ಬಿಡಿಯಾದವು. ಇನ್ನೈದು ಎಣಿಸಿ ಕೊಟ್ಟಳು. "ಈಗ ಇನ್ನೊಂದು ಕಟ್ಟು ಕೊಡು." ಕೊಟ್ಟಳು. "ನಿನ್ನ ಹತ್ರ ಎಷ್ಟಿದೆ?" ಎರಡು ಕಟ್ಟು, ಐದು ಬಿಡಿ. ಇಪ್ಪತ್ತೈದು.

ಆ ವಾರ ಪೂರ್ತಿ ಆ ತರಗತಿಯಲ್ಲಿ ಯಾರೂ ಸಾಲ ಅನ್ನಲಿಲ್ಲ. "ಕಟ್ಟು ಬಿಚ್ಚಬೇಕು ಮಿಸ್" ಅನ್ನುತ್ತಿದ್ದರು. ನನ್ನ ಥರ್ಮೋಕೋಲ್ ಮನೆ ನೋಡಲು ಚೆನ್ನಾಗಿತ್ತು, ಆದರೆ ಅದರಲ್ಲಿ ಮಗುವಿನ ಕೈಗೆ ಕೆಲಸವೇ ಇರಲಿಲ್ಲ. ಸಾಲ ಅನ್ನುವ ಮಾತೂ ತಪ್ಪು. ಸಾಲ ತಂದರೆ ವಾಪಸ್ ಕೊಡಬೇಕು, ಇಲ್ಲಿ ಯಾರೂ ಯಾರಿಗೂ ಏನೂ ವಾಪಸ್ ಕೊಡುವುದಿಲ್ಲ. ಟೀಚರ್ ಸುಮ್ಮನೆ ನಿಂತಿದ್ದ ಆ ಹೊತ್ತು ನಾನು ಕಲಿತ ದೊಡ್ಡ ಪಾಠ. ಪ್ರಶ್ನೆ ಕೇಳಿ ತಕ್ಷಣ ನಾವೇ ಉತ್ತರ ಹೇಳಿಬಿಟ್ಟರೆ ಮಗು ಯೋಚಿಸುವುದು ಯಾವಾಗ? ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಕಣ್ಣಾರೆ ಕಂಡ ಮೇಲೆ ಅರ್ಥವಾಯ್ತು.

ಇನ್ನೊಂದು ಮಗು. ಒಂದನೇ ತರಗತಿ, ಪಕ್ಕದ ತಾಂಡಾದಿಂದ ಬರುತ್ತಿದ್ದ ಹುಡುಗಿ. ನಾಲ್ಕೈದು ವಾರ ಬಾಯೇ ಬಿಡಲಿಲ್ಲ. ನಾನು ನನ್ನ ಡೈರಿಯಲ್ಲಿ "ಕಲಿಕೆಯಲ್ಲಿ ಹಿಂದೆ" ಅಂತ ಬರೆದುಬಿಟ್ಟಿದ್ದೆ. ಟೀಚರ್ ಅದನ್ನು ಓದಿ, "ಅವಳ ಮನೇಲಿ ಕನ್ನಡ ಇಲ್ಲ ಅಂತ ಗೊತ್ತಾ ನಿಂಗೆ?" ಅಂದರು. ಗೊತ್ತಿರಲಿಲ್ಲ. ಅದೇ ತಾಂಡಾದ ಐದನೇ ತರಗತಿ ಹುಡುಗನ ಹತ್ತಿರ ಕೂತು ಲಂಬಾಣಿ ಪದ ಬರೆದುಕೊಂಡೆ. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ, ಅಮ್ಮನಿಗೆ ಯಾಡಿ. ಮಾರನೇ ದಿನ ಅಮ್ಮನ ಚಿತ್ರದ ಕಾರ್ಡ್ ಹಿಡಿದು "ಯಾಡಿ" ಅಂದೆ. ಆ ಹುಡುಗಿ ನನ್ನ ಮುಖ ನೋಡಿದಳು, ಕಾರ್ಡ್ ನೋಡಿದಳು, ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನ್ನ ಉಚ್ಚಾರ ತಿದ್ದಿದಳು. ಅವಳು ಶಾಲೆಯಲ್ಲಿ ಆಡಿದ ಮೊದಲ ಮಾತು ನನ್ನನ್ನು ತಿದ್ದಿದ್ದು. ಡೈರಿಯ ಆ ಸಾಲನ್ನು ಅವತ್ತೇ ಹೊಡೆದು ಹಾಕಿದೆ. ನಮ್ಮ ರಾಜ್ಯದ ಎಷ್ಟೊಂದು ಶಾಲೆಗಳಲ್ಲಿ ಮಕ್ಕಳ ಮನೆಮಾತು ತೆಲುಗು, ಉರ್ದು, ತುಳು, ಕೊಂಕಣಿ, ಲಂಬಾಣಿ. ಮಾತಾಡದ ಮಗುವಿಗೆ ಏನೂ ಬರುವುದಿಲ್ಲ ಅಂದುಕೊಳ್ಳುವ ಮುಂಚೆ ಅದರ ಮನೆಮಾತು ಯಾವುದು ಅಂತ ಕೇಳಿ.

ಶಾಲೆಯಲ್ಲಿದ್ದರೆ ಮಾತ್ರ ಗೊತ್ತಾಗುವ ಕೆಲಸಗಳು ಇನ್ನೂ ಇವೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನ ಬಿಸಿಯೂಟ, ಅಡುಗೆಯವರಿಗೆ ಹಾಜರಿ ಲೆಕ್ಕ ಕೊಡುವುದು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಮಕ್ಕಳ ಅಪ್ಪ ಅಮ್ಮಂದಿರಿರುವ ಎಸ್‌ಡಿಎಂಸಿ ಸಭೆ, ಹಾಜರಿ ಪುಸ್ತಕ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ. ಇಬ್ಬರೇ ಟೀಚರ್ ಇರುವ ಶಾಲೆಯಲ್ಲಿ ಮುಖ್ಯ ಶಿಕ್ಷಕರು ಮೀಟಿಂಗ್‌ಗೆ ಹೋದರೆ ಉಳಿದವರೊಬ್ಬರೇ ಎಲ್ಲ ತರಗತಿ ನೋಡಿಕೊಳ್ಳಬೇಕು. ದಸರಾ ರಜೆ ಮುಗಿದರೂ ಅರ್ಧ ಮಕ್ಕಳು ಬರಲಿಲ್ಲ, ಶೇಂಗಾ ಕೀಳುವ ಕಾಲ. ಟೀಚರ್ ಬೈಯಲಿಲ್ಲ. ಹೊಲದ ಹತ್ತಿರ ಹೋಗಿ ಅಪ್ಪ ಅಮ್ಮನ ಜೊತೆ ಮಾತಾಡಿ, "ಬೆಳಿಗ್ಗೆ ಶಾಲೆಗೆ ಕಳ್ಸಿ, ಸಂಜೆ ನಿಮ್ಮ ಜೊತೆ ಇರ್ತಾರೆ" ಅಂತ ಒಪ್ಪಿಸಿ ಬಂದರು. ಬರುವಾಗ ಮಡಿಲು ತುಂಬಾ ಶೇಂಗಾ ಕೊಟ್ಟು ಕಳಿಸಿದ್ದರು. ಮಾರನೇ ದಿನ ಅದನ್ನೇ ಹತ್ತು ಹತ್ತರ ಗುಡ್ಡೆ ಮಾಡಿಸಿ ಗುಣಾಕಾರ ಮಾಡಿಸಿದೆವು. ಲೆಕ್ಕ ಮುಗಿದ ಮೇಲೆ ಹಂಚಿ ತಿಂದೆವು.

ಈಗ ಬೇಸರದ ಭಾಗ.

ಎರಡನೇ ಶಾಲೆಯಲ್ಲಿ ನಮ್ಮನ್ನು ಕಂಡಿದ್ದೇ ಖಾಲಿ ಜಾಗ ತುಂಬುವವರು ಅಂತ. ನಾನು ಹೋದ ಮೊದಲ ದಿನವೇ ಎರಡು ತರಗತಿ ನನ್ನ ಕೈಗೆ ಕೊಟ್ಟು, ಮಾರ್ಗದರ್ಶಿ ಅಂತ ಹೆಸರಿದ್ದವರು ಆಫೀಸ್ ಕೋಣೆಗೆ ಹೋದರು. 6 ವಾರದಲ್ಲಿ ಅವರು ನನ್ನ ಪಾಠ ಕೂತು ನೋಡಿದ್ದು ಒಂದು ಸಲವೂ ಇಲ್ಲ. ಪಾಠ ಯೋಜನೆಗೆ ವಾರದ ಕೊನೆಯಲ್ಲಿ ಒಟ್ಟಿಗೆ ಸಹಿ. ಕಾಲೇಜಿನಿಂದ ಮೇಲ್ವಿಚಾರಣೆಗೆ ಬಂದವರು ಒಂದೇ ಸಲ ಬಂದರು, ಹತ್ತು ನಿಮಿಷ ಬಾಗಿಲಲ್ಲಿ ನಿಂತು, ರೆಕಾರ್ಡ್ ಕೇಳಿ, ಹೋದರು. ಅಲ್ಲಿನ ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಅವರ ತಲೆಯ ಮೇಲೆ ಎಷ್ಟು ಕೆಲಸ ಇತ್ತು ಅಂತ ಕಂಡಿದ್ದೇನೆ. ಮಾರ್ಗದರ್ಶನ ಮಾಡಲು ಅವರಿಗೆ ಬೇರೆ ಸಮಯ ಕೊಟ್ಟಿರಲಿಲ್ಲ, ಹೇಗೆ ಮಾಡಬೇಕು ಅಂತ ಯಾರೂ ಹೇಳಿಕೊಟ್ಟೂ ಇರಲಿಲ್ಲ. ಆದರೆ ಆ 6 ವಾರ ನಾನು ಮಾಡಿದ ತಪ್ಪುಗಳನ್ನು ಯಾರೂ ನೋಡಲಿಲ್ಲ. ತಪ್ಪು ಮಾಡುತ್ತಾ ಹೋದೆ, ಅದೇ ಅಭ್ಯಾಸವಾಗುತ್ತಾ ಹೋಯ್ತು. ಆ ಮಕ್ಕಳಿಗೂ ಅನ್ಯಾಯ ಅಲ್ವಾ ಇದು? ಮೊದಲ ಶಾಲೆಯಲ್ಲಿ ಆ ಮಾರ್ಗದರ್ಶಿ ಟೀಚರ್ ಸಿಗದೇ ಇದ್ದಿದ್ದರೆ ಶಾಲೆಯಲ್ಲಿ ಕಲಿಯುವುದು ಅಂದರೆ ಹೀಗೇ ಇರುತ್ತದೆ ಅಂತ ನಾನು ನಂಬಿಬಿಡುತ್ತಿದ್ದೆ. ನನ್ನ ಜೊತೆ ಓದಿದ ಕೆಲವರಿಗೆ ಎರಡೂ ಶಾಲೆ ಹೀಗೇ ಸಿಕ್ಕಿತು. ಅವರಿಗೆ ಈ ಕೋರ್ಸ್ ಮೋಸ ಮಾಡಿತು ಅಂತಲೇ ನಾನು ಹೇಳುವುದು.

ಇನ್ನು ರೆಕಾರ್ಡ್. ಈ ಕೋರ್ಸ್ ಮಾಡಿದ ಯಾರನ್ನೇ ಕೇಳಿ, ಮೊದಲು ಹೇಳುವುದು ಇದನ್ನೇ. ಪಾಠ ಯೋಜನೆ, ವೀಕ್ಷಣಾ ವರದಿ, ಘಟಕ ಪರೀಕ್ಷೆ ದಾಖಲೆ, ಮಗುವಿನ ಅಧ್ಯಯನ, ಪಾಠೋಪಕರಣ ವರದಿ, ದಿನಚರಿ. ಎಲ್ಲ ಕೈಯಲ್ಲೇ ಬರೆಯಬೇಕು. ಶಾಲೆ ಮುಗಿಸಿ ಮನೆಗೆ ಬಂದು ರಾತ್ರಿ ಹನ್ನೊಂದರವರೆಗೂ ಬರೆದಿದ್ದೇನೆ, ನಾಳೆಯ ಪಾಠದ ಬಗ್ಗೆ ಯೋಚಿಸಲು ಹೊತ್ತೇ ಸಿಗದ ಹಾಗೆ. ಒಂದು ಸಲ ಅಂಚಿನ ಗೆರೆ ಕೆಂಪು ಶಾಯಿಯಲ್ಲಿ ಇಲ್ಲ ಅಂತ ಇಡೀ ಪುಸ್ತಕ ವಾಪಸ್ ಬಂತು. ಒಳಗೆ 42ರಲ್ಲಿ 17ರ ಕಥೆ ಇತ್ತು, ಪಾಠ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು, ಮರುದಿನ ಏನಾಯ್ತು ಅಂತ ಎರಡು ಪುಟ ಬರೆದಿದ್ದೆ. ಅದರ ಬಗ್ಗೆ ಒಂದು ಮಾತಿಲ್ಲ. ತುಂಬಾ ನೋವಾಯ್ತು. ರೆಡಿಮೇಡ್ ಪಾಠ ಯೋಜನೆ ಸಿಗುತ್ತದೆ, ಸೀನಿಯರ್‌ಗಳ ರೆಕಾರ್ಡ್ ಕೈ ಬದಲಾಗುತ್ತದೆ, ನೋಡಿ ಬರೆದವರಿಗೂ ಒಳ್ಳೆ ಅಂಕ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲವನ್ನೂ ಸ್ವಂತ ಬರೆಯಲು ಆಗದಿದ್ದರೆ ದಿನಕ್ಕೆ ಒಂದು ಪಾಠದ ಬಗ್ಗೆಯಾದರೂ ನಿಜ ಬರೆಯಿರಿ. ನಾನು ಬೇರೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ದಿನಾ ಅರ್ಧ ಪುಟ ನನಗಾಗಿ ಬರೆದೆ. ಕಾಲೇಜಿಗೆ ಕೊಟ್ಟ ರೆಕಾರ್ಡ್ ಈಗ ಎಲ್ಲಿದೆಯೋ ಗೊತ್ತಿಲ್ಲ. ಈ ನೋಟ್‌ಬುಕ್ ಇವತ್ತೂ ನನ್ನ ಬ್ಯಾಗಿನಲ್ಲಿದೆ.

ಖರ್ಚಿನ ವಿಷಯ ಹುಡುಗಿಯರು ಜಾಸ್ತಿ ಕೇಳುತ್ತಾರೆ. ಹಳ್ಳಿ ಶಾಲೆಗೆ ನಾನು 7:40ರ ಬಸ್ ಹಿಡಿಯಬೇಕಿತ್ತು, ಇಳಿದು ಎರಡು ಕಿಲೋಮೀಟರ್ ನಡೆಯಬೇಕು. ಎರಡನೇ ವರ್ಷದ ಹೊತ್ತಿಗೆ ಶಕ್ತಿ ಯೋಜನೆ ಬಂದಿತ್ತು, 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ದೊಡ್ಡ ಹೊರೆ ತಪ್ಪಿತು. ಹುಡುಗರಿಗೆ ಆ ಅನುಕೂಲ ಇರಲಿಲ್ಲ. ಪಾಠೋಪಕರಣಕ್ಕೆ ಚಾರ್ಟ್, ಸ್ಕೆಚ್ ಪೆನ್, ಗಮ್ ಅಂತ ನಾನು ಸುಮ್ನೆ ತುಂಬಾ ದುಡ್ಡು ಹಾಳು ಮಾಡಿದೆ. ಬೇಡ. ಕಡ್ಡಿ, ಹುಣಸೆ ಬೀಜ, ಬಾಟಲಿ ಮುಚ್ಚಳ, ಹಳೇ ಕ್ಯಾಲೆಂಡರ್, ಇಷ್ಟಿದ್ದರೆ ಪ್ರಾಥಮಿಕ ಶಾಲೆಯ ಅರ್ಧ ಗಣಿತ ಮುಗಿಯುತ್ತದೆ.

ಬಿ.ಇಡಿ ಮಾಡಿದರೆ ಇದೂ ಆಗುತ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ನಾವು ಹಳ್ಳಿ ಶಾಲೆಯಲ್ಲಿದ್ದಾಗಲೇ, 2023ರ ಆಗಸ್ಟ್ 11ರಂದು, ಸುಪ್ರೀಂ ಕೋರ್ಟ್ ತೀರ್ಪು ಬಂತು. 1ರಿಂದ 5ನೇ ತರಗತಿಗೆ ಪಾಠ ಮಾಡಲು ಬಿ.ಇಡಿ ಅರ್ಹತೆ ಅಲ್ಲ, ಡಿ.ಎಲ್.ಇಡಿಯೇ ಬೇಕು ಅಂತ. ಅವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಬ್ಬ. ನನಗೆ ತೀರ್ಪಿನ ಹಿಂದಿನ ಮಾತು ಹೆಚ್ಚು ಹಿಡಿಸಿತು: ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯದೇ ವಿದ್ಯೆ, ಅದಕ್ಕೆ ಬೇರೆ ತರಬೇತಿ ಬೇಕು. ಅಂಗೈ ಇಟ್ಟು ಪದ ಕೇಳುವುದನ್ನು ಕಂಡವರಿಗೆ ಇದು ಗೊತ್ತು.

ಕೋರ್ಸ್ ಮುಗಿದರೆ ಸಾಲದು, ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸ್ ಆಗಬೇಕು. 1ರಿಂದ 5ಕ್ಕೆ ಪೇಪರ್ 1. 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗಕ್ಕೆ ಶೇ. 60 ಬೇಕು, ಅಂದರೆ 90 ಅಂಕ. ಶಿಶು ವಿಕಸನ ಮತ್ತು ಬೋಧನಾ ಶಾಸ್ತ್ರಕ್ಕೆ 30 ಅಂಕ ಇದೆ. ಅಲ್ಲಿ "ಮಗು ಹೀಗೆ ತಪ್ಪು ಮಾಡಿದರೆ ಶಿಕ್ಷಕರು ಏನು ಮಾಡಬೇಕು" ಅನ್ನುವಂಥ ಪ್ರಶ್ನೆಗಳು ಬರುತ್ತವೆ. ಗೈಡ್ ಓದಿದವರು ನಾಲ್ಕು ಉತ್ತರದಲ್ಲಿ ಯಾವುದು ಅಂತ ತಡಕಾಡುತ್ತಾರೆ, ಶಾಲೆಯಲ್ಲಿ ನಿಜವಾಗಿ ಇದ್ದವರಿಗೆ ಅಷ್ಟು ಕಷ್ಟವಾಗುವುದಿಲ್ಲ. ನಾನು ಮೊದಲ ಸಲಕ್ಕೇ ಪಾಸ್ ಆದೆ. ಸರ್ಟಿಫಿಕೇಟ್ ಈಗ ಜೀವಮಾನ ಪೂರ್ತಿ ನಡೆಯುತ್ತದೆ, ಮೊದಲಿನ ಹಾಗೆ 7 ವರ್ಷಕ್ಕೆ ಮುಗಿಯುವುದಿಲ್ಲ.

ಕೆಲಸ? ಖಾಯಂ ನೇಮಕಾತಿ ಯಾವಾಗ ಕರೆಯುತ್ತಾರೆ ಅಂತ ಕಾಯುವುದೇ ಆಗಿದೆ. 2022ರಲ್ಲಿ 15,000 ಹುದ್ದೆಗೆ ಕರೆದಿದ್ದು 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರಿಗೆ, ಅದಕ್ಕೆ ಡಿಗ್ರಿ ಬೇಕಿತ್ತು. ಅದಕ್ಕೇ ನಾನು ಹೇಳುವುದು, ಡಿ.ಎಲ್.ಇಡಿ ಮುಗಿಸಿ ಸುಮ್ಮನೆ ಕೂರಬೇಡಿ, ಮುಕ್ತ ವಿಶ್ವವಿದ್ಯಾಲಯದಲ್ಲಾದರೂ ಡಿಗ್ರಿ ಓದಿ. ನಾನೂ ಓದುತ್ತಿದ್ದೇನೆ. ನಾನು ಸೇರಿದಾಗ ಅತಿಥಿ ಶಿಕ್ಷಕರಿಗೆ ತಿಂಗಳಿಗೆ ಸಿಗುತ್ತಿದ್ದುದು 10 ಸಾವಿರ, ಅದೂ ಪ್ರತಿ ತಿಂಗಳು ಸರಿಯಾಗಿ ಬರುತ್ತದೆ ಅಂತಿಲ್ಲ, ಬೇಸಿಗೆ ರಜೆಯಲ್ಲಿ ಇಲ್ಲವೇ ಇಲ್ಲ. ಮನೆ ನಡೆಸಲು ಇದು ಸಾಲುವುದಿಲ್ಲ. ದುಡಿಮೆಯ ಅವಸರ ಇರುವ ಮನೆಯವರು ಇದನ್ನು ಯೋಚಿಸಿಯೇ ಸೇರಬೇಕು. ಇನ್ನೊಂದು ವಿಷಯ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 2030ರ ಹೊತ್ತಿಗೆ ಡಿಗ್ರಿಯೂ ಸೇರಿದ 4 ವರ್ಷದ ಬಿ.ಇಡಿಯೇ ಶಿಕ್ಷಕರಿಗೆ ಕನಿಷ್ಠ ಅರ್ಹತೆ ಆಗಬೇಕು ಅಂತ ಇದೆ. ಹಾಗಾಗಿ ಸೇರುವ ವರ್ಷದ ನಿಯಮ ಏನಿದೆ ಅಂತ ಡಯಟ್‌ನಲ್ಲೇ ಕೇಳಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಈ 20 ವಾರವನ್ನು ಸರಿ ಮಾಡಲು ದೊಡ್ಡ ಖರ್ಚೇನೂ ಬೇಡ. ಮಾರ್ಗದರ್ಶಿ ಶಿಕ್ಷಕರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಟ್ಟು, ಆ ಹೊತ್ತಿನಲ್ಲಿ ಪ್ರಶಿಕ್ಷಣಾರ್ಥಿಯ ಪಾಠ ನೋಡಿ, ಎದುರಿಗೆ ಕೂತು ಮಾತಾಡಲಿ. ಯಾರು ಚೆನ್ನಾಗಿ ಕಲಿಸುತ್ತಾರೆ ಅನ್ನುವುದು ಸುತ್ತಲಿನ ಶಾಲೆಗಳಿಗೆ ಹೋಗಿ ನೋಡುವ ಆಯಾ ಕ್ಲಸ್ಟರ್‌ನ ಸಿಆರ್‌ಪಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಂಥವರ ಶಾಲೆಗೇ ನಮ್ಮನ್ನು ಕಳಿಸಲಿ, ಬಸ್ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಪಟ್ಟಣದ ಶಾಲೆಗೆ ಹತ್ತು ಜನರನ್ನು ತುಂಬುವುದು ಬೇಡ. ರೆಕಾರ್ಡ್ ಅರ್ಧ ಕಡಿಮೆ ಮಾಡಲಿ. ನಾನು ಇದನ್ನೆಲ್ಲ ಕೊನೆಯ ದಿನ ಕೊಟ್ಟ ಅಭಿಪ್ರಾಯ ನಮೂನೆಯಲ್ಲೂ ಬರೆದು ಕೊಟ್ಟಿದ್ದೇನೆ.

ನಕ್ಷತ್ರ ಕೊಡಿ ಅಂದರೆ, ಹಳ್ಳಿ ಶಾಲೆಯ 14 ವಾರಕ್ಕೆ ಐದಕ್ಕೆ ಐದು. ಪಟ್ಟಣದ 6 ವಾರಕ್ಕೆ ಒಂದು. ಕಾಲೇಜಿನ ತರಗತಿಗೆ ಮೂರು. ರೆಕಾರ್ಡ್ ಕೆಲಸಕ್ಕೆ ಕೊಡುವ ಮನಸ್ಸಿಲ್ಲ.

ಅರ್ಜಿ ಹಾಕುವ ಮುಂಚೆ ನಿಮ್ಮ ಜಿಲ್ಲೆಯ ಡಯಟ್‌ಗೆ ಒಂದು ಸಲ ಹೋಗಿ ಬನ್ನಿ. ಎರಡನೇ ವರ್ಷದವರನ್ನು ಹುಡುಕಿ ಕೇಳಿ: ಯಾವ ಶಾಲೆಗೆ ಹಾಕಿದ್ದರು, ಒಂದು ಶಾಲೆಗೆ ಎಷ್ಟು ಜನ, ಮಾರ್ಗದರ್ಶಿ ಟೀಚರ್ ಎಷ್ಟು ಸಲ ಪಾಠ ಕೂತು ನೋಡಿದರು, ಕಾಲೇಜಿನವರು ಎಷ್ಟು ಸಲ ಬಂದರು, ನಲಿ-ಕಲಿ ತರಗತಿ ಸಿಕ್ಕಿತಾ. ಆಫೀಸಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಅವರ ಹತ್ತಿರವೇ ಕೇಳಬೇಕು. ಇಂಟರ್ನ್‌ಶಿಪ್ ನಡೆಯುವ ವಾರಗಳಲ್ಲಿ ಹೋದರೆ ಕಾಲೇಜಿನಲ್ಲಿ ಯಾರೂ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ.